ಹಿಂಚಕ್ರ ಮೀಮಾಂಸೆ

ಸೈಕಲ್ ಪಂದ್ಯದಲ್ಲಿ ಮುಂದಿನವನ ಹಿಂದಿನ ಚಕ್ರಕ್ಕೆ ಗೇಣಳತೆಯಲ್ಲಿ ಅಂಟಿಕೊಂಡು, ಅವನು ಸೀಳಿದ ಗಾಳಿಯ ಮರೆಯಲ್ಲಿ ಸಾಗುವವನನ್ನು ಲೋಕವು ಪರಾನ್ನಭೋಜಿಯೆಂದು ಜರೆಯುತ್ತ ಬಂದಿದೆ. ಹಿಂಬಾಲಕನೇ ಉಪಕಾರಿ, ಮುಂದಿನವನೇ ಋಣಿ ಎಂಬುದು ಪ್ರಕೃತ ಪ್ರಬಂಧದ ಪ್ರತಿಜ್ಞೆ. ಸಮತಟ್ಟು ರಸ್ತೆಯಲ್ಲಿ ಗಂಟೆಗೆ 40 ಕಿ.ಮೀ. ವೇಗದಲ್ಲಿ ಪೆಡಲ್ ತುಳಿಯುವವನ ದುಡಿಮೆಯ ಬಹುಪಾಲನ್ನು ಗಾಳಿಯೇ ನುಂಗುತ್ತದೆ ಎಂಬುದರಲ್ಲಿ ವಿವಾದವಿಲ್ಲ. ಐಂಡ್‌ಹೋವನ್ ತಾಂತ್ರಿಕ ವಿಶ್ವವಿದ್ಯಾಲಯದ ಬರ್ಟ್ ಬ್ಲೋಕನ್ ಅವರ ತಂಡವು 2018ರಲ್ಲಿ 121 ಸವಾರರ ಗುಂಪನ್ನು ಪರೀಕ್ಷಿಸಿ, ಅದರೊಳಗೆ ಹಿಂಭಾಗದಲ್ಲಿ ಹುದುಗಿದವನಿಗೆ ತಗಲುವ ಗಾಳಿಯ ತಡೆ ಒಂಟಿ ಸವಾರನದರ ಶೇಕಡಾ 5ರಿಂದ 10ರಷ್ಟೇ ಎಂದು ಕಂಡುಕೊಂಡಿತು. ವಿರೋಧಿಗಳು ಇಷ್ಟನ್ನೇ ಓದಿ ಪುಸ್ತಕ ಮುಚ್ಚುತ್ತಾರೆ. ಬೆನ್ನ ಹಿಂದೆ ಒಬ್ಬನಿದ್ದರೆ ಮುಂದಿನವನನ್ನು ಹಿಂದಕ್ಕೆ ಜಗ್ಗುವ ಗಾಳಿಯ ಸೆಳೆತವೂ ಶೇಕಡಾ 2-3ರಷ್ಟು ತಗ್ಗುತ್ತದೆ ಎಂಬ ಮುಂದಿನ ಪುಟ ಅವರಿಗೆ ಕಾಣುವುದೇ ಇಲ್ಲ. ಅತಿಥಿಯಿಲ್ಲದೆ ಆತಿಥೇಯನಿಗೆ ಪುಣ್ಯವೆಲ್ಲಿಂದ ಬರಬೇಕು? ಆ ಎರಡು ಮೂರಕ್ಕೆ ಯಾವ ಮುಂದಾಳೂ ರಸೀದಿ ಕೊಟ್ಟ ದಾಖಲೆ ನಮಗೆ ಸಿಕ್ಕಿಲ್ಲ.

ಇಲ್ಲಿ ಪೂರ್ವಪಕ್ಷ: ಹಿಂಬಾಲಕ ಪುಕ್ಕಟೆ ಸಾಗಿ ಕೊನೆಯ ಗಳಿಗೆಯಲ್ಲಿ ಮುಂದಕ್ಕೆ ಹಾರುತ್ತಾನಲ್ಲ? ಪುಕ್ಕಟೆ ಎಂಬುದೇ ಅಸಿದ್ಧ. ಮಳೆಯಲ್ಲಿ ಮುಂದಿನ ಟಯರು ಎರಚುವ ಕೆಸರುನೀರು ನೇರ ಅವನ ಬಾಯಿಗೇ ಬೀಳುತ್ತದೆ. ಚಕ್ರಕ್ಕೆ ಚಕ್ರ ತಾಗಿದರೆ ಮುಂದಿನವನು ಒಮ್ಮೆ ಓಲಾಡಿ ಹೋಗಿಬಿಡುತ್ತಾನೆ, ನೆಲ ಹಿಡಿಯುವವನು ಬಹುತೇಕ ಹಿಂದಿನವನೇ. ಡಚ್ ಸವಾರ ಯೋಪ್ ಜೂಟೆಮೆಲ್ಕ್ ಸದಾ ಪ್ರತಿಸ್ಪರ್ಧಿ ಎಡ್ಡಿ ಮೆರ್ಕ್ಸ್‌ನ ನೆರಳಲ್ಲೇ ಇದ್ದುದರಿಂದ ಬಿಸಿಲಿಗೆ ಕಪ್ಪಾಗಲಿಲ್ಲ ಎಂಬ ಹಳೆಯ ಕುಹಕವುಂಟು. ಗಾಳಿಮರೆ ಬೆನ್ನ ಹಿಂದೆಯೇ ಇರುತ್ತದೆ, ಬಿಸಿಲಿನ ನೆರಳು ಹೊತ್ತಿಗೊಂದು ದಿಕ್ಕಿಗೆ ಬೀಳುತ್ತದೆ. ಕುಹಕಿಗಳಿಗೆ ಈ ಪ್ರಾಥಮಿಕ ವಿವೇಕವೂ ಇಲ್ಲ. ಟೂರ್ ದ ಫ್ರಾನ್ಸ್‌ನಲ್ಲಿ ಆತ ಗೆದ್ದದ್ದು 1980ರಲ್ಲಿ ಒಮ್ಮೆ, ಎರಡನೆಯವನಾದದ್ದು 6 ಬಾರಿ. ಇದು ವಂಚಕನ ಲೆಕ್ಕವಲ್ಲ, ತ್ಯಾಗಿಯ ಲೆಕ್ಕ.

ಇನ್ನೊಂದು ಆಕ್ಷೇಪ ಟೂರ್‌ನ ಸ್ಥಾಪಕ ಆಂರಿ ದೆಗ್ರಾಂಜ್‌ನದು. ಗುಂಪಾಗಿ ಸಾಗುವ ಸವಾರರನ್ನು ಕಂಡು ರೋಸಿಹೋದ ಆತ 1927ರಲ್ಲಿ ಬಹಳಷ್ಟು ಹಂತಗಳಲ್ಲಿ ತಂಡಗಳನ್ನು ಬೇರೆ ಬೇರೆ ಹೊತ್ತಿಗೆ ಹೊರಡಿಸಿದ. ಆಗ ಅವರು ತಂತಮ್ಮ ತಂಡದವರ ಬೆನ್ನಿಗೇ ಅಂಟಿಕೊಂಡರು! ಕೆಲವೇ ವರ್ಷಗಳಲ್ಲಿ ಆ ಏರ್ಪಾಟು ಬಿದ್ದುಹೋಯಿತು. 1899ರಲ್ಲಂತೂ ಅಮೆರಿಕದ ಚಾರ್ಲ್ಸ್ ಮರ್ಫಿ, ಲಾಂಗ್ ಐಲೆಂಡಿನಲ್ಲಿ ಹಳಿಗಳ ನಡುವೆ ಹಲಗೆ ಹಾಸಿಸಿ, ರೈಲಿನ ಹಿಂದೆ ಒಂದು ಮೈಲಿಯನ್ನು 57.8 ಸೆಕೆಂಡಿನಲ್ಲಿ ದಾಟಿದ. ಆತನನ್ನು ಸೈಕಲ್ ಸಮೇತ ಡಬ್ಬಿಯವರೇ ಮೇಲಕ್ಕೆಳೆದುಕೊಂಡರು. ರೈಲು ಇಂದಿನವರೆಗೂ ದೂರು ಕೊಟ್ಟಿಲ್ಲ.

ಆದಕಾರಣ ಪಂದ್ಯದ ಸಂಘಟಕರಲ್ಲಿ ವಿನಂತಿ: ಬಹುಮಾನದ ವೇದಿಕೆಯಲ್ಲಿ ಗೆದ್ದವನ ಬೆನ್ನ ಹಿಂದೆಯೇ, ಗಾಳಿ ತಾಗದಷ್ಟು ಹತ್ತಿರದಲ್ಲಿ, ಹಿಂಬಾಲಕನಿಗೂ ಒಂದು ಪೀಠ ಹಾಕಿಸತಕ್ಕದ್ದು.