ತೂಕದಜ್ಜ

ನಮ್ಮ ಶಾಲೆಯ ಪಾಲಕರ ವಾಟ್ಸಾಪ್ ಗುಂಪಿಗೆ ನಾನೊಂದು ಸುದ್ದಿ ಹಾಕಿದರೆ ನಿಮಿಷದೊಳಗೆ ಮುಗಿದ ಕೈಗಳು ಸಾಲುಗಟ್ಟುತ್ತವೆ. ನಾಳೆ ಜಂತುಹುಳದ ಗುಳಿಗೆ ಕೊಡುತ್ತೇವೆ ಎಂದರೂ ಕೈಮುಗಿತ, ಪರೀಕ್ಷೆಯ ವೇಳಾಪಟ್ಟಿ ಹಾಕಿದರೂ ಕೈಮುಗಿತ. ಗುಂಪಿನಲ್ಲಿ ದ್ರಾಕ್ಷಿ ಔಷಧದ ಜಾಹೀರಾತು ಹಾಕಬೇಡಿರಿ ಎಂದು ಬೈದರೆ, ಬೈಸಿಕೊಂಡವನದೇ ಮೊದಲ ಕೈಮುಗಿತ. ಗೋಳಗುಮ್ಮಟದಲ್ಲಿ ಒಂದು ಸಲ ಕೂಗಿದರೆ ಏಳು ಸಲ ಕೇಳಿಸುತ್ತದಂತೆ. ನಮ್ಮಲ್ಲಿ ನಲವತ್ತು ಸಲ. ಓದಿದವರು ಮಾತ್ರ ಯಾರೂ ಇಲ್ಲ.

ತಪ್ಪು, ಒಬ್ಬರಿದ್ದಾರೆ. ತೂಕದಜ್ಜ.

ಇಂಥ ಅಜ್ಜ ಈಗ ಶಾಲೆಗೊಬ್ಬರು ಸಿಗುತ್ತಾರೆ. ಮಗ ಸೊಸೆ ದುಡಿಯಲು ಪುಣೆಗೋ ಗೋವಾಕ್ಕೋ ಹೋಗಿರುತ್ತಾರೆ, ಮೊಮ್ಮಗ ಅಜ್ಜನ ಪಾಲಿಗೆ ಉಳಿದಿರುತ್ತಾನೆ, ದಾಖಲಾತಿಯಲ್ಲಿ ಪಾಲಕರ ಫೋನ್ ನಂಬರು ಎಂದಿರುವ ಕಡೆ ಅಜ್ಜನದು ಬಿದ್ದಿರುತ್ತದೆ. ಹೆಚ್ಚಿನ ಅಜ್ಜಂದಿರು ಆ ಫೋನಿನಲ್ಲಿ ಭಜನೆ ಕೇಳಿ ಮಲಗುತ್ತಾರೆ. ನಮ್ಮವರು ಮೂವತ್ತು ವರ್ಷ ಅಡತಿ ಅಂಗಡಿಯಲ್ಲಿ ತೂಕ ಮಾಡಿದವರು. ತಿಕೋಟಾ ಸುತ್ತಿನ ಒಣದ್ರಾಕ್ಷಿ, ಬಿಳಿಜೋಳ, ತೊಗರಿ ಎಲ್ಲ ಅವರ ಕಾಟಾ ಹತ್ತಿ ಇಳಿದಿವೆ. ಚೀಟಿಯಲ್ಲಿ ಬರೆದದ್ದು ಚೀಲದಲ್ಲಿ ಇರುವುದಿಲ್ಲ ಎಂಬುದೊಂದೇ ಅವರು ಅಷ್ಟು ವರ್ಷದಲ್ಲಿ ಗಳಿಸಿದ ಜ್ಞಾನ. ನಿವೃತ್ತರಾದ ಮೇಲೆ ಅದನ್ನು ಶಿಕ್ಷಣ ಇಲಾಖೆಯ ಮೇಲೆ ಬಳಸುತ್ತಿದ್ದಾರೆ.

ನಾನು ದಿನಾ ವಿಜಯಪುರದಿಂದ ಅಥಣಿ ರಸ್ತೆಯ ಬಸ್ಸು ಹಿಡಿಯುತ್ತೇನೆ. ತೊರವಿಯ ಮಹಿಳಾ ವಿಶ್ವವಿದ್ಯಾಲಯದ ಮುಂದೆ ಅರ್ಧ ಬಸ್ಸು ಖಾಲಿಯಾಗುತ್ತದೆ, ಅಲ್ಲಿಂದ ಮುಂದೆ ಕೂಡಲು ಜಾಗ ಸಿಗುತ್ತದೆ, ತಿಕೋಟಾ ದಾಟಿ ಇಳಿಯುವಷ್ಟರಲ್ಲಿ ಒಂದು ಸಣ್ಣ ನಿದ್ದೆಯೂ ಆಗುತ್ತದೆ. ಆ ನಿದ್ದೆ ಪೂರ್ತಿ ಬಿಡುವುದು ಗೇಟಿನ ಬೇವಿನಗಿಡದ ಕೆಳಗೆ, ಅಜ್ಜ ಟವೆಲ್ಲಿನಲ್ಲಿ ಸುತ್ತಿದ ಫೋನು ಬಿಚ್ಚುವುದು ಕಂಡಾಗ.

“ಗುರುಗಳ, ರಾತ್ರಿ ಹಾಕೀರಲ್ಲ, ಅದರಾಗ ಒಂದ್ ಡೌಟ್ ಐತ್ರಿ.”

ಡೌಟು ಒಂದೇ ಇದ್ದ ದಿನ ನನಗೆ ನೆನಪಿಲ್ಲ. 2025ರ ದಸರಾ ಸೂಟಿಯನ್ನು ಸರಕಾರ ಜಾತಿ ಸಮೀಕ್ಷೆಯ ಸಲುವಾಗಿ ಅಕ್ಟೋಬರ್ 18ರ ತನಕ ಎಳೆಯಿತಲ್ಲ, ನಾವು ಮಾಸ್ತರರು ಮನೆಮನೆ ತಿರುಗಿ ಸುಸ್ತಾಗಿ ಬಂದರೆ ಅಜ್ಜ ಕ್ಯಾಲೆಂಡರು ಹಿಡಿದು ನಿಂತಿದ್ದರು. “ಇಷ್ಟ ದಿನ ಕಡಿಮಿ ಬಿದ್ದಾವ. ಖೋತಾ ಯಾವಾಗ ತುಂಬಿ ಕೊಡ್ತೀರಿ?” ಹೆಚ್ಚಿನ ತರಗತಿ ತೆಗೆದುಕೊಳ್ಳುತ್ತೇವೆ ಎಂದೆ. “ಫೋಟೊ ಹಾಕ್ರಿ” ಎಂದರು.

ಫೋಟೊ ಹಾಕ್ರಿ ಎಂಬುದು ಅವರ ತಾರಕಮಂತ್ರ. ಹಾಲು ಕೊಟ್ಟೆವು ಎಂದರೆ ಫೋಟೊ, ಗಿಡ ಹಚ್ಚಿದೆವು ಎಂದರೆ ಫೋಟೊ. ಕ್ಷೀರಭಾಗ್ಯದ ಹಾಲು 2013ರಿಂದ ಇದೆ. 2024ರಲ್ಲಿ ವಾರಕ್ಕೆ ಮೂರು ದಿನ ಅದಕ್ಕೆ ರಾಗಿ ಮಾಲ್ಟ್ ಸೇರಿತು. ಆ ಫೋಟೊವನ್ನು ಅಜ್ಜ ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ನೋಡಿದರು. “ಬಣ್ಣ ಬ್ಯಾರೇ ಐತಿ. ಜ್ವಾಳದ ನಾಡಾಗ ಹುಟ್ಟಿದ ಹುಡುಗುರ್ಗೆ ರಾಗಿ ಕುಡಸ್ತೀರಿ. ಆ ಕಡೀ ಹುಡುಗುರ್ಗೆ ಯಾವಾಗರ ನಮ್ಮ ರೊಟ್ಟಿ ಕಳಿಸ್ಯಾರೇನ್ರಿ?” ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ನಿಜ ಹೇಳಬೇಕೆಂದರೆ ಪ್ರಶ್ನೆ ನನ್ನದೂ ಹೌದು.

ಜಂತುಹುಳದ ಗುಳಿಗೆ ವರ್ಷಕ್ಕೆ ಎರಡು ಸಲ, ಫೆಬ್ರುವರಿ 10 ಮತ್ತು ಆಗಸ್ಟ್ 10ಕ್ಕೆ. ಎಷ್ಟು ಮಕ್ಕಳು ಅಗಿದು ನುಂಗಿದರು ಎಂದು ನಾವು ಮೇಲಕ್ಕೆ ವರದಿ ಕಳಿಸುತ್ತೇವೆ. ಅಜ್ಜನಿಗೆ ಅದು ಅರ್ಧ ಲೆಕ್ಕ. “ಗುಳಿಗಿ ಹೋದದ್ದು ಬರದೀರಿ. ಹುಳಾ ಎಷ್ಟ ಬಿದ್ದೂ, ಅದನ್ನೆಲ್ಲಿ ಬರದೀರಿ?”

ಪ್ರಗತಿ ಪತ್ರ ಕೊಟ್ಟ ದಿನ ಮಾತ್ರ ನಾನು ರಜೆ ಹಾಕಬೇಕಿತ್ತು. ನಾಲ್ಕನೆತ್ತೆಯ ಮೊಮ್ಮಗನಿಗೆ ಗಣಿತದಲ್ಲಿ ಬಿ ಪ್ಲಸ್ ಬಂದಿತ್ತು. ಅಜ್ಜ ಅದನ್ನು ಬಿಸಿಲಿಗೆ ಹಿಡಿದು ನೋಡಿ, “ಇದು ರಕ್ತದ ಗುಂಪಲ್ಲೇನ್ರಿ?” ಎಂದರು. ನಾನು ರೂಪಣಾತ್ಮಕ ನಾಲ್ಕು, ಸಂಕಲನಾತ್ಮಕ ಎರಡು, ಇಷ್ಟರಿಂದ ಇಷ್ಟಕ್ಕೆ ಎ, ಇಷ್ಟಕ್ಕೆ ಬಿ ಪ್ಲಸ್ ಎಂದು ಕರಿಹಲಗೆಯ ಮೇಲೆ ಬರೆದು ತಿಳಿಸಿದೆ. ಪೂರ್ತಿ ಕೇಳಿದರು. ಕೇಳಿ, “ನಾಕ ಕಿಲೋ ಹಸೀ ದ್ರಾಕ್ಷಿ ಒಣಗಿಸಿದ್ರ ಒಂದ ಕಿಲೋ ಮಣೂಕ ಕೈಗೆ ಹತ್ತತೈತ್ರಿ. ನೀವು ವರ್ಷಾನಗಟ್ಲೆ ಕಲಿಸಿದ್ದು ಒಣಗಿ ಎಷ್ಟ ಉಳೀತು, ಅಷ್ಟ ಹೇಳ್ರಿ ಸಾಕು” ಎಂದರು. ಇಲಾಖೆಯ ತರಬೇತಿಗಳಲ್ಲಿ ಮೌಲ್ಯಮಾಪನದ ಬಗ್ಗೆ ಇಷ್ಟು ನೇರವಾಗಿ ಯಾರೂ ಕೇಳಿದ್ದನ್ನು ನಾನು ಕಂಡಿಲ್ಲ.

ಅಜ್ಜನಿಗೆ ಇನ್ನೊಬ್ಬ ಮೊಮ್ಮಗನಿದ್ದಾನೆ, ಮಗಳ ಮಗ. ಮಗಳನ್ನು ಬಬಲೇಶ್ವರಕ್ಕೆ ಕೊಟ್ಟಿದ್ದಾರೆ. ಆ ಹುಡುಗ ಓದುವುದು ಖಾಸಗಿ ಇಂಗ್ಲಿಷ್ ಮಾಧ್ಯಮದಲ್ಲಿ, ಅಲ್ಲಿಯ ಸುದ್ದಿ ಬರುವುದೂ ಇಂಗ್ಲಿಷಿನಲ್ಲೇ. ಮಗಳು ಅದನ್ನು ಅಪ್ಪನಿಗೆ ದಾಟಿಸುತ್ತಾಳೆ, ಅಪ್ಪ ನನ್ನ ಮುಂದೆ ಹಿಡಿಯುತ್ತಾರೆ. ಹೀಗೆ ಸರಕಾರಿ ಸಂಬಳದಲ್ಲಿ ನಾನು ಇನ್ನೊಂದು ಶಾಲೆಯ ಪತ್ರವ್ಯವಹಾರವನ್ನೂ ನೋಡಿಕೊಳ್ಳುತ್ತಿದ್ದೇನೆ. “ಡಿಯರ್ ಪೇರೆಂಟ್” ಎಂದು ಶುರು ಮಾಡಿದೆ.

“ಡಿಯರ್ ಅಂದ್ರ?”

“ಪ್ರೀತಿಯ ಅಂತ, ಅಜ್ಜಾರ.”

“ಮುಂದ?”

“ಎರಡನೇ ಕಂತಿನ ಫೀ ಹದಿನೈದರೊಳಗ ತುಂಬಬೇಕಂತ.”

“ಹಂಗ ಅನ್ರಿ. ಅದಕ್ಕ ಪ್ರೀತಿ. ನೀವು ಎಂದೂ ಡಿಯರ್ ಅನ್ನಲಿಲ್ಲ ನೋಡ್ರಿ ನಮಗ.”

ಈಚೆಗೆ ಮಕ್ಕಳ ಮನಸ್ಸಿನ ಆರೋಗ್ಯದ ಮಾತು ಹೆಚ್ಚಾಗಿದೆ, ಆಗಲೇಬೇಕು. ಪಾಲಕರ ಸಭೆಯಲ್ಲಿ ನಾನೂ ಹೇಳಿದೆ: ದಿನಾ ಒಂದು ಹತ್ತು ನಿಮಿಷ ಮಗುವಿನ ಜೊತೆ ಕುಳಿತು ಮಾತಾಡಿರಿ, ಇವತ್ತು ಏನಾಯಿತು ಎಂದು ಕೇಳಿರಿ. ಎಲ್ಲರೂ ತಲೆಯಾಡಿಸಿದರು, ಚಹಾ ಕುಡಿದು ಹೋದರು. ಮರುದಿನ ಬೆಳಿಗ್ಗೆ ಬೇವಿನಗಿಡದ ಕೆಳಗೆ ಅಜ್ಜ ವರದಿಯೊಡನೆ ಹಾಜರು.

“ಹತ್ತ ಮಿನಿಟ ಅಂದಿದ್ರಿ. ಕುಂತೆ. ಮಾತು ಎರಡ ಮಿನಿಟಿಗೇ ತೀರ್ತು. ಉಳದ ಎಂಟ ಮಿನಿಟ ಅವನೂ ಸುಮ್ನ, ನಾನೂ ಸುಮ್ನ. ಆಕಳ ನೋಡ್ಕೋತ ಕುಂತ್ವಿ. ನಡೀತೈತೇನ್ರಿ?”

ನಡೆಯುತ್ತದೆ ಎಂದೆ.

“ಹಂಗಾರ ಹತ್ತೂ ಮಿನಿಟ ಬರಕೋರಿ.”

ಈಗ ಚೀಲದ ಸಂಗತಿಗೆ ಬರುತ್ತೇನೆ. ಮೂರರಿಂದ ಐದನೆಯ ತರಗತಿಯ ಪಾಟಿಚೀಲ ಎರಡರಿಂದ ಮೂರು ಕಿಲೋ ಮೀರಬಾರದು ಎಂದು 2019ರಲ್ಲಿ ಸರಕಾರ ಆದೇಶ ಮಾಡಿತು. ಅದನ್ನು ನಾನು ಗುಂಪಿಗೆ ಹಾಕಿದ್ದು ನನ್ನ ತಪ್ಪು. ಮರುದಿನವೇ ಅಜ್ಜ ಹಳೆಯ ಸ್ಪ್ರಿಂಗ್ ಕಾಟಾ ತಂದು ಬೇವಿನ ಟೊಂಗೆಗೆ ಕಟ್ಟಿದರು. ಹಿತ್ತಾಳೆಯ ಮುಖ, ಅಂಕಿಗಳು ಅರ್ಧ ಸವೆದಿವೆ, ಕೊಕ್ಕೆ ಮಾತ್ರ ಇನ್ನೂ ಮಿಂಚುತ್ತದೆ. ಅಂದಿನಿಂದ ಮೊಮ್ಮಗನ ಚೀಲ ಬೆಳಿಗ್ಗೆ ಒಳಗೆ ಹೋಗುವಾಗ ಒಮ್ಮೆ, ಸಂಜೆ ಹೊರಗೆ ಬರುವಾಗ ಒಮ್ಮೆ ತೂಗಬೇಕು. ಚೀಲವಿಲ್ಲದ ಸಂಭ್ರಮ ಶನಿವಾರದ ದಿನ ಕಾಟಾ ಖಾಲಿ ಇರಬಾರದೆಂದು ಧೋತರದ ಜೋಳಿಗೆ ಮಾಡಿ ಹುಡುಗನನ್ನೇ ತೂಗಿದರು. ಇಪ್ಪತ್ಮೂರೂವರೆ ಬಂತು. “ಪುಣೇಕ ಹೇಳಬೇಕು” ಎಂದು ಚೀಟಿಯಲ್ಲಿ ಬರೆದುಕೊಂಡರು. ಅವನ ಅಪ್ಪನಿಗೆ ಪ್ರತಿ ತಿಂಗಳೂ ಈ ಲೆಕ್ಕ ಹೋಗುತ್ತದಂತೆ, ಚೂರು ಹೆಚ್ಚಿಸಿಯೇ ಹೋಗುತ್ತದಂತೆ. ಇಡೀ ಜೀವಮಾನದಲ್ಲಿ ಅಜ್ಜ ಮಾಡಿದ ತೂಕದ ಮೋಸ ಅದೊಂದೇ ಇರಬೇಕು.

ಒಂದು ಸಂಜೆ ಮುಳ್ಳು ಮೂರು ಕಿಲೋ ದಾಟಿ ನಿಂತಿತು. ಬೆಳಿಗ್ಗೆ ಎರಡೂಮುಕ್ಕಾಲು ಇದ್ದ ಚೀಲ. “ಗುರುಗಳ, ಬರ್ರಿಲ್ಲಿ!” ಎಂದು ಕೂಗು. ಹೋದೆ. ಅಜ್ಜ ನೆಲದ ಮೇಲೆ ಟವೆಲ್ ಹಾಸಿ ಒಂದೊಂದೇ ತೆಗೆದಿಡುತ್ತಿದ್ದರು. ಪುಸ್ತಕ, ನೋಟುಬುಕ್ಕು, ಮೂಲೆ ಒಡೆದ ಪಾಟಿ, ಬುಗುರಿ, ಹುಣಸೇಕಾಯಿ, ಕುಂಟಾಬಿಲ್ಲೆಗೆ ಆರಿಸಿಟ್ಟ ಮೂರು ಕಲ್ಲು. ಕೊನೆಗೆ ಚೀಲದ ತಳದಿಂದ ಶುದ್ಧಬರಹದ ಹಾಳೆಯೊಂದರಲ್ಲಿ ಸುತ್ತಿದ ದುಂಡಗಿನದು ಬಂತು. ಬಿಚ್ಚಿದರು. ಬೇಯಿಸಿದ ತತ್ತಿ.

ಇಲ್ಲಿ ಹಿಂದಿನದೊಂದು ಹೇಳಲೇಬೇಕು. 2021ರ ಡಿಸೆಂಬರಿನಲ್ಲಿ ಬೀದರ, ಕಲಬುರಗಿ, ರಾಯಚೂರು, ಯಾದಗಿರಿ, ಕೊಪ್ಪಳ, ಬಳ್ಳಾರಿಯ ಜೊತೆ ನಮ್ಮ ವಿಜಯಪುರದ ಶಾಲೆಗಳಿಗೂ ತತ್ತಿ ಬಂತು, ನಮ್ಮ ಕಡೆಯ ಮಕ್ಕಳಲ್ಲಿ ರಕ್ತ ಕಡಿಮೆ, ಮೈ ಹಿಡಿಯುವುದಿಲ್ಲ ಎಂಬ ಕಾರಣಕ್ಕೆ. ಶಾಲೆಯಲ್ಲಿ ತತ್ತಿ ಬೇಡವೆಂದು ಆಗ ಎದ್ದ ಗದ್ದಲ ನಿಮಗೆ ಗೊತ್ತಿದೆ. ಈಗ ಗದ್ದಲ ಇಲ್ಲ. 2024ರ ಸೆಪ್ಟೆಂಬರಿನಿಂದ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಲ್ಲಿ ವಾರಕ್ಕೆ ಆರು ದಿನ. ಬೇಡವೆಂದವರಿಗೆ ಬಾಳೆಹಣ್ಣು. ಯಾರಿಗೆ ಯಾವುದು ಎಂದು ಮನೆಯವರಿಂದ ಬರೆಸಿಕೊಳ್ಳುತ್ತೇವೆ. ಅಜ್ಜ ಬಾಳೆಹಣ್ಣು ಎಂದು ಬರೆದು ಎರಡು ಕಡೆ ಸಹಿ ಮಾಡಿ, “ನಮ್ಮ ಮನಿ ಒಲಿ ಮ್ಯಾಲ ಅದು ಏರಿಲ್ರಿ” ಎಂದು ಬಾಯಿಂದಲೂ ಹೇಳಿದ್ದರು.

ಹುಡುಗ ನೆಲ ನೋಡುತ್ತಿದ್ದ. ನಾನು ಗಿಡ ನೋಡಿದೆ.

“ಯಾರ್ದೋ ಇದು?”

“ಗೆಳ್ಯಾಂದ್ರಿ. ನಾ ಬಾಳಿಹಣ್ಣ ಕೊಟ್ಟೆ, ಅವ ಇದನ್ನ ಕೊಟ್ಟ.”

ಅಜ್ಜ ತತ್ತಿಯನ್ನು ಅಂಗೈಯಲ್ಲಿಟ್ಟು ಎರಡು ಸಲ ಮೇಲೆ ಕೆಳಗೆ ಆಡಿಸಿದರು. ಕಾಟಾ ಬೇಕಾಗಲಿಲ್ಲ. “ಐವತ್ತ ಗ್ರಾಮ್ ಅಷ್ಟ” ಎಂದರು. ಆಮೇಲೆ ಕಲ್ಲು ಮೂರನ್ನೂ ಎತ್ತಿ ಬೇಲಿಯಾಚೆ ಒಗೆದರು, ತತ್ತಿಯನ್ನು ಹಾಳೆಯಲ್ಲಿ ಮೊದಲಿನಂತೆಯೇ ಸುತ್ತಿ ಹುಡುಗನ ಕೈಯಲ್ಲಿಟ್ಟು, “ಇಲ್ಲೇ ಮುಗಿಸಿ ನಡಿ, ಮನೀತನಕ ಒಯ್ಯಬ್ಯಾಡ” ಎಂದರು. ಫಾರ್ಮು ತಿದ್ದಬೇಕೇ ಎಂದು ಕೇಳಿದೆ. “ಬರದದ್ದು ಬರದಂಗ ಇರ್ಲಿ. ಚೀಟ್ಯಾಗಿದ್ದದ್ದು ಚೀಲದಾಗ ಎಲ್ಲಿರತೈತ್ರಿ?”

ಶಾಲೆಯ ಅರ್ಧ ವರ್ಷದ ಅವಧಿ ಮುಗಿಯಿತು. ಅಂದು ಸಂಜೆ ಮನೆಗೆ ಬಂದು ಆರು ತಿಂಗಳ ಫೋಟೊಗಳನ್ನೆಲ್ಲ ಗುಂಪಿಗೆ ಹಾಕಿದೆ. ಪ್ರತಿಭಾ ಕಾರಂಜಿ, ಗಿಡ, ಓಟ, ಊಟದ ಸಾಲು. ಕೈಮುಗಿತಗಳು ಬಂದವು. ಏಳೂ ಮುಕ್ಕಾಲಿಗೆ ಫೋನು.

“ಗುರುಗಳ, ಊಟದ್ದು ಒಂದ ಫೋಟೊ ತಗೀರಿ. ಲಗೂನ.”

ಫೋಟೊ ಹಾಕ್ರಿ ಎನ್ನುವವರ ಬಾಯಲ್ಲಿ ಈ ಮಾತು ಕೇಳಿ ನನಗೆ ಕುರ್ಚಿ ಹುಡುಕುವಂತಾಯಿತು. “ಯಾಕ್ರಿ ಅಜ್ಜಾರ?”

“ಮೂರನೇ ಹುಡುಗನ ಬಾಯಿ ನೋಡ್ರಿ. ಎಂಟಕ್ಕ ಫೋನು ನಮ್ಮ ಆಕಿ ಕೈಗೆ ಹೋಗತೈತಿ. ಮಮ್ಮಗನ್ನ ನೋಡದ ಮಲಗಂಗಿಲ್ಲ ಆಕಿ.”

ನೋಡಿದೆ. ಮೂರನೆಯ ಹುಡುಗನ ಕೆನ್ನೆ ಒಂದು ಕಡೆ ತತ್ತಿಯಷ್ಟೇ ದುಂಡಗಿತ್ತು. ತಕ್ಷಣ ಎಲ್ಲರಿಗೂ ಅಳಿಸಿದೆ. ಎಂಟಕ್ಕೆ ಇನ್ನೂ ಹತ್ತು ನಿಮಿಷ ಉಳಿದಿತ್ತು, ನಿಶ್ಚಿಂತೆಯಿಂದ ತಾಟಿನ ಮುಂದೆ ಕುಳಿತೆ. ಎಂಟೂ ಹತ್ತಕ್ಕೆ ಗುಂಪಿನಲ್ಲಿ ಒಂದು ಧ್ವನಿ ಸಂದೇಶ ಬಂತು, ಹೆಂಗಸಿನ ದನಿ, ಹಿಂದೆ ಆಕಳ ಗಂಟೆ.

“ಗುರುಗಳ, ನಾನ್ರೀ, ಹುಡುಗನ ಆಯಿ. ಏನೋ ಅಳಿಸ್ಯಾರ ಅಂತ ಬಾಜೂಮನಿ ಹುಡಗಿ ಓದಿ ಹೇಳಿದ್ಳು. ಏನಿತ್ರೀ ಅದು? ಇವ್ರನ್ನ ಕೇಳಿದ್ರ, ಅದರಾಗ ತತ್ತಿ ಏನೂ ಇರಲಿಲ್ಲ ಅನ್ನಾಕತ್ತಾರ.”