ಕನ್ಸರ್ವೆನ್ಸಿ ಗಲ್ಲಿಗೊಂದು ವಿಳಾಸ

ಚಾಮರಾಜಪೇಟೆಯ ಹಳೇ ಮನೆಗಳಲ್ಲಿ ಆಫೀಸು ಮಾಡುವವರಿಗೆ ದೇವರ ಮನೆಯಷ್ಟು ಅನುಕೂಲದ ಜಾಗ ಇನ್ನೊಂದಿಲ್ಲ. ಕಿಟಕಿ ಇಲ್ಲ, ಬಾಗಿಲು ಭದ್ರ, ಒಳಗೆ ಇಬ್ಬರು ನಿಂತರೆ ಮೂರನೆಯವರು ಹೊರಗೆ. ಸರ್ವರ್ ರೂಮಿಗೆ ಮತ್ತೇನು ಬೇಕು? ನಾನು ಕೆಲಸಕ್ಕೆ ಹೋಗಿದ್ದ ಸಣ್ಣ ಕಚೇರಿಯಲ್ಲೂ ದೀಪದ ಗೂಡಿನಲ್ಲಿ ಮೋಡೆಮ್ ಮಿಣುಕುತ್ತಿತ್ತು. ಅಲ್ಲಿನ ಮ್ಯಾನೇಜರ್ ರಾಯರು ಹೊಸ್ತಿಲಾಚೆಯೇ ಚಪ್ಪಲಿ ಬಿಟ್ಟರು, ನನ್ನಿಂದಲೂ ಬಿಡಿಸಿದರು. ಧೂಳು ನಿಯಂತ್ರಣವನ್ನು ಇಷ್ಟು ಶ್ರದ್ಧೆಯಿಂದ ಪಾಲಿಸುವವರನ್ನು ನಾನು ದೊಡ್ಡ ಡೇಟಾ ಸೆಂಟರುಗಳಲ್ಲೂ ಕಂಡಿಲ್ಲ.

“ರೌಟರ್ ಇದೆ, ಸ್ವಿಚ್ ಇದೆ. ಇದೇನಪ್ಪ ಮತ್ತೊಂದು ಡಬ್ಬ?”

ಕನ್ಸೋಲ್ ಸರ್ವರ್ ಎಂದೆ. ರೌಟರನ್ನು ದೂರದಿಂದ ಸರಿಮಾಡಬೇಕಾದರೆ ನೆಟ್‌ವರ್ಕಿನ ಮೂಲಕವೇ ಹೋಗಬೇಕು. ನೆಟ್‌ವರ್ಕೇ ಮಲಗಿದರೆ? ಅದಕ್ಕೆಂದೇ ರೌಟರು, ಸ್ವಿಚ್ಚುಗಳಿಗೆ ಕನ್ಸೋಲ್ ಎಂಬ ಸೀರಿಯಲ್ ಕಿಂಡಿ ಇರುತ್ತದೆ. ಸಾಮಾನ್ಯವಾಗಿ 9600 ಬಾಡ್, ಅಂದರೆ ಸೆಕೆಂಡಿಗೆ ಹೆಚ್ಚೆಂದರೆ 960 ಅಕ್ಷರ. ಗಿಗಾಬಿಟ್ ಕಾಲದಲ್ಲಿ ನಗು ತರಿಸುವ ವೇಗ, ಆದರೆ ಕೈಕೊಡುವುದಿಲ್ಲ. ಆ ಕಿಂಡಿಗಳನ್ನೆಲ್ಲ ಒಂದೆಡೆ ಸೇರಿಸಿ, ಬೇರೆಯೇ ದಾರಿಯಿಂದ ತಲುಪಿಸುವ ಪೆಟ್ಟಿಗೆ ಇದು.

“ಓ, ಕನ್ಸರ್ವೆನ್ಸಿ ಅನ್ನು!” ಎಂದರು ರಾಯರು.

ಅವರು ಬಸವನಗುಡಿಯಲ್ಲಿ ಹುಟ್ಟಿದವರು. 1898ರ ಪ್ಲೇಗಿನ ಹೆದರಿಕೆಯಲ್ಲಿ ಜನ ಪೇಟೆ ಬಿಟ್ಟು ಬಂದು ಬೆಳೆಸಿದ ಬಸವನಗುಡಿ, ಮಲ್ಲೇಶ್ವರಗಳಲ್ಲಿ ಎಷ್ಟೋ ಮನೆಸಾಲುಗಳ ಬೆನ್ನಿಗೆ ಒಂದು ಕಿರುಗಲ್ಲಿ ಇದೆ. ಮಲ ಹೊರುವ ಕೆಲಸಕ್ಕೆ ಹಚ್ಚಿದವರನ್ನು ಮುಂಬಾಗಿಲಿಗೆ ಬರಗೊಡದ ಊರು ಆ ಗಲ್ಲಿಗೆ ಕನ್ಸರ್ವೆನ್ಸಿ, ಅಂದರೆ ನೈರ್ಮಲ್ಯವೆಂಬ ಗೌರವದ ಹೆಸರು ಕೊಟ್ಟಿತು. ಆ ನಾಚಿಕೆಗೇಡನ್ನು ಮರೆಯುವಂತಿಲ್ಲ. ಆದರೂ ಮುಂದಿನ ರಸ್ತೆ ಏನೇ ಆಗಲಿ, ಹಿಂದಿನಿಂದ ಮನೆ ಹೊಗಬಹುದು ಎಂಬ ಲೆಕ್ಕಾಚಾರವನ್ನು ರಾಯರಿಗೆ ನಾನು ಹೊಸದಾಗಿ ಹೇಳಿಕೊಡಬೇಕಾಗಿರಲಿಲ್ಲ.

ಪೆಟ್ಟಿಗೆ ಕಾರ್ಖಾನೆಯಿಂದಲೇ 192.168.0.1 ಎಂಬ ವಿಳಾಸ ಹೊತ್ತು ಬಂದಿತ್ತು. ರಾಯರು ಕನ್ನಡಕ ಏರಿಸಿದರು. “ಇದು ನಮ್ಮನೆ ವೈಫೈ ಡಬ್ಬದ ನಂಬರಲ್ವೇನಪ್ಪ? ಇಲ್ಲಿಗೆ ಹೇಗೆ ಬಂತು?”

ಐ.ಪಿ. ನಾಲ್ಕನೇ ಆವೃತ್ತಿಯಲ್ಲಿರುವುದು ಸುಮಾರು 429 ಕೋಟಿ ವಿಳಾಸ, ಲೋಕಕ್ಕೆಲ್ಲ ಸಾಲದು. ಹಾಗಾಗಿ 1996ರಲ್ಲಿ ಆರ್.ಎಫ್.ಸಿ. 1918 ಎಂಬ ದಾಖಲೆ, 192.168ರಿಂದ ಶುರುವಾಗುವವೂ ಸೇರಿದಂತೆ ಕೆಲವು ವಿಳಾಸಗಳನ್ನು ಯಾರು ಬೇಕಾದರೂ ತಮ್ಮ ತಮ್ಮ ಗೋಡೆಯೊಳಗೆ ಬಳಸಿಕೊಳ್ಳಿ ಎಂದು ಬಿಟ್ಟುಕೊಟ್ಟಿತು. ರಾಯರು ಬೆರಗಾಗಲಿಲ್ಲ. ಐದನೇ ಮೇನ್ ಚಾಮರಾಜಪೇಟೆಯಲ್ಲೂ ಇದೆ, ಮಲ್ಲೇಶ್ವರದಲ್ಲೂ ಇದೆ. ಬಡಾವಣೆಯ ಹೆಸರು ಹೇಳದೆ ಆಟೋ ಹತ್ತಿದವನ ಪಾಡು ಅವನದು.

ಸಬ್‌ನೆಟ್ ಮಾಸ್ಕ್ ಇನ್ನೂ ಸುಲಭವಾಯಿತು. 255.255.255.0 ಎಂದರೆ ಮೊದಲ ಮೂರು ಅಂಕಿ ರಸ್ತೆ, ಕೊನೆಯದು ಮನೆ. ಒಂದು ರಸ್ತೆಯಲ್ಲಿ 254 ಮನೆಗೆ ಜಾಗ. ಅದೇ ರಸ್ತೆಯವರಾದರೆ ನೇರ ಹೋಗಿ ಬಾಗಿಲು ತಟ್ಟು, ಆಚೆಯವರಾದರೆ ಗೇಟ್‌ವೇ ಇರುವ ಮೂಲೆಗೆ ಒಪ್ಪಿಸು. ಹೆಸರು ಹೇಳಿದರೆ ವಿಳಾಸ ಹುಡುಕಿಕೊಡುವ ಡಿ.ಎನ್.ಎಸ್.ಗಂತೂ ಮಲ್ಲೇಶ್ವರದ ಏಳನೇ ಕ್ರಾಸಿಗೆ ಹೋದರಾಯಿತು. ಶ್ರೀ ಸಾಗರ್ ಹೋಟೆಲ್ ಎಲ್ಲಿ ಎಂದರೆ ಜನ ತಲೆ ಕೆರೆದುಕೊಳ್ಳುತ್ತಾರೆ, ಅದನ್ನೇ ಸಿ.ಟಿ.ಆರ್. ಎನ್ನಿ, ಬೆಣ್ಣೆ ಮಸಾಲೆಯ ದಿಕ್ಕಿಗೆ ಹತ್ತು ಕೈ ಏಳುತ್ತವೆ.

ಡಿ.ಎಚ್.ಸಿ.ಪಿ. ಬೇಕೋ ಸ್ಥಿರ ವಿಳಾಸ ಬೇಕೋ ಎಂದು ಪರದೆ ಕೇಳಿತು. ಡಿ.ಎಚ್.ಸಿ.ಪಿ. ವಿಳಾಸವನ್ನು ಗಡುವಿಟ್ಟು ಬಾಡಿಗೆಗೆ ಕೊಡುತ್ತದೆ. ಅರ್ಧ ಅವಧಿ ಮುಗಿಯುವಷ್ಟರಲ್ಲಿ ಯಂತ್ರ ತಾನಾಗಿಯೇ ಹೋಗಿ, ಇನ್ನೂ ಇರಲೇ ಎಂದು ಕೇಳುತ್ತದೆ. “ಕೇಳತ್ತಾ!” ರಾಯರು ನಿಟ್ಟುಸಿರಿಟ್ಟರು. ಅವರ ಔಟ್‌ಹೌಸಿನಲ್ಲಿ ಹನ್ನೊಂದು ತಿಂಗಳ ಕರಾರು ಎಂದೋ ಮುಗಿಸಿದ ಸಂಸಾರವೊಂದು ಇನ್ನೂ ಸುಖವಾಗಿದೆ.

ಆದರೆ ಈ ಪೆಟ್ಟಿಗೆಗೆ ಬಾಡಿಗೆ ಮನೆ ಆಗದು. ಇದನ್ನು ಹುಡುಕಿಕೊಂಡು ಬರುವುದೇ ಎಲ್ಲ ಕೆಟ್ಟಾಗ. ಕೆಟ್ಟಿರುವುದು ಆ ಬಾಡಿಗೆ ಕೊಡುವ ಸರ್ವರೇ ಆಗಿರಬಹುದು. ಆದ್ದರಿಂದ ಸ್ವಂತ ಮನೆ.

ಪೆಟ್ಟಿಗೆಗೆ ಎರಡು ಈಥರ್ನೆಟ್ ಕಿಂಡಿ. ಒಂದು ಆಫೀಸಿನ ಕಡೆಗೆ, ಇನ್ನೊಂದು ಆಪತ್ತಿಗೆಂದು ಹಾಕಿಸಿದ ಬೇರೆ ಲೈನಿಗೆ. ಎರಡಕ್ಕೂ ಡೀಫಾಲ್ಟ್ ಗೇಟ್‌ವೇ ಬರೆದರೆ ಒಂದರಿಂದ ಬಂದ ಪ್ರಶ್ನೆಗೆ ಇನ್ನೊಂದರಿಂದ ಉತ್ತರ ಹೋಗಬಹುದು ಎಂದೆ. “ಆಗಲಿ ಬಿಡು. ನಾವು ಸಂಪಿಗೆ ರಸ್ತೆಯಲ್ಲಿ ಹೋಗಿ ಮಾರ್ಗೋಸಾ ರಸ್ತೆಯಲ್ಲಿ ವಾಪಸು ಬರಲ್ವೇ?” ಒನ್‌ವೇ ಮಾಡಿದ ಟ್ರಾಫಿಕ್ ಪೊಲೀಸರು ಒಪ್ಪುತ್ತಾರೆ, ಫೈರ್‌ವಾಲ್ ಒಪ್ಪುವುದಿಲ್ಲ ಸಾರ್; ಹೋಗಿದ್ದನ್ನು ನೋಡದೆ ಬಂದಿದ್ದನ್ನು ಒಳಗೆ ಬಿಡಲಾರೆ ಎನ್ನುವ ಜಾತಿ ಅದು. ಆಪತ್ತಿನ ಲೈನಿಗೊಂದೇ ಗೇಟ್‌ವೇ ಬರೆದೆ.

ಆಫೀಸಿನ ಕಡೆಗೆ 192.168.40.5 ಎಂದು ಹಾಕಿ ‘ಅಪ್ಲೈ’ ಒತ್ತಿದೆ. ಪರದೆ ಕಲ್ಲಾಯಿತು. ರಾಯರ ಕೈ, ಅಭ್ಯಾಸಬಲದಿಂದ ಇರಬೇಕು, ದೀಪದ ಗೂಡಿನ ಕಡೆ ಮುಗಿಯಲು ಎದ್ದಿತು.

“ಹೋಯ್ತೇನಪ್ಪ?”

“ಹೋಗಿಲ್ಲ ಸಾರ್, ಮನೆ ಬದಲಾಯಿಸಿದೆ. ನಾವಿನ್ನೂ ಹಳೇ ಮನೆ ಬಾಗಿಲು ಬಡೀತಿದ್ದೀವಿ.”

ಲ್ಯಾಪ್‌ಟಾಪನ್ನೂ 40ರ ರಸ್ತೆಗೆ ತಂದು ಪಿಂಗ್ ಮಾಡಿದೆ. ಓಗೊಟ್ಟಿತು. ಕಾರ್ಖಾನೆಯ ಪಾಸ್‌ವರ್ಡನ್ನು ಬದಲಿಸಿ, ಹೊಸದನ್ನು ಬರೆದು ರಾಯರಿಗೊಪ್ಪಿಸಿದೆ. ಅವರದನ್ನು ಕಬ್ಬಿಣದ ಬೀರುವಿನಲ್ಲಿಟ್ಟು ಎರಡು ಸಲ ಹಿಡಿ ಎಳೆದು ನೋಡಿದರು.

ನಾನು ತಂತಿ ಸುತ್ತುವಷ್ಟರಲ್ಲಿ ಅವರೊಂದು ಚೀಟಿ ಬರೆದು ಪೆಟ್ಟಿಗೆಯ ಹಣೆಗೆ ಅಂಟಿಸಿದ್ದರು: “ಹೊಸ ನಂ. 192.168.40.5. ಹಳೇ ನಂ. 192.168.0.1.” ನಮ್ಮ ಬಡಾವಣೆಗಳ ಗೇಟುಗಳ ಮೇಲಿರುವ ಹಾಗೆಯೇ. ಹಳೆಯದು ಯಾಕೆ ಸಾರ್ ಎನ್ನಲು ಬಾಯಿ ತೆರೆದವನು ಸುಮ್ಮನಾದೆ. ಯಾರಾದರೂ ರೀಸೆಟ್ ಗುಂಡಿ ಒತ್ತಿದರೆ ಈ ಪೆಟ್ಟಿಗೆ ನೆಟ್ಟಗೆ ಹೋಗಿ ಕೂರುವುದು ಹಳೇ ನಂಬರಿನಲ್ಲೇ.

“ಪೋಸ್ಟ್‌ಮ್ಯಾನ್‌ಗೆ ಅನುಕೂಲ” ಎಂದರು ರಾಯರು, ಚಪ್ಪಲಿ ಮೆಟ್ಟಿಕೊಳ್ಳುತ್ತ.