ಮಸ್ತಿಷ್ಕ–ಪಟವಾರಿ ನ್ಯಾಯ

ಶಾರೀರಶಾಸ್ತ್ರವನ್ನು ಕುರಿತು ಬರೆಯಹೊರಟ ಗ್ರಂಥಕರ್ತರೆಲ್ಲರೂ ಮೊದಲನೆಯ ಪುಟದಲ್ಲಿಯೇ ಮಿದುಳಿಗೆ ಪಟ್ಟಾಭಿಷೇಕ ಮಾಡಿ ಮುಗಿಸುವುದು ಬಹುಕಾಲದಿಂದ ನಡೆದುಬಂದ ಸಂಪ್ರದಾಯ. ದೇಹವೊಂದು ಸಾಮ್ರಾಜ್ಯ, ಮಸ್ತಿಷ್ಕವು ಅದರ ಚಕ್ರವರ್ತಿ, ನರಗಳು ರಾಜದೂತರು, ಕೈಕಾಲುಗಳು ಊಳಿಗದವರು ಎಂದು ಅವರು ವರ್ಣಿಸುವುದನ್ನು ಓದಿ ನಾವೂ ತಲೆದೂಗುತ್ತೇವೆ; ಹಾಗೆ ತಲೆದೂಗಿದ್ದೂ ಆ ಚಕ್ರವರ್ತಿಯ ಅಪ್ಪಣೆಯಿಂದಲೇ ಎಂದು ಅವರು ಮುಂದಿನ ಪುಟದಲ್ಲಿ ಸಾಧಿಸುವುದರಿಂದ ಅವರೊಡನೆ ವಾದಕ್ಕಿಳಿಯುವುದೇ ದುಸ್ತರ. ಆದರೂ ಕಲಬುರಗಿ ನಗರದಲ್ಲಿಯೂ, ಹುಮನಾಬಾದಿನ ಹಾದಿಯಲ್ಲಿ ಸುಮಾರು 35 ಕಿಲೋಮೀಟರ್ ದೂರವಿರುವ ಕಮಲಾಪುರದಲ್ಲಿಯೂ ಪ್ರತ್ಯಕ್ಷ, ಅನುಮಾನ, ಶಬ್ದಗಳೆಂಬ ಮೂರು ಪ್ರಮಾಣಗಳಿಂದ ದೊರೆತ ಸಾಕ್ಷ್ಯವನ್ನು ಪರ್ಯಾಲೋಚಿಸಿದ ಮೇಲೆ, ಮಿದುಳು ಸುಲ್ತಾನನಲ್ಲ, ಪಟವಾರಿ ಎಂಬ ಸಿದ್ಧಾಂತಕ್ಕೆ ಬರದೆ ಗತ್ಯಂತರವಿಲ್ಲ. ನಿಜಾಮರ ಕಾಲದ ಪಟವಾರಿಯ ವೈಖರಿಯನ್ನು ಈ ಸೀಮೆಯ ಹಿರಿಯರು ಬಲ್ಲರು. ಹೊಲದಲ್ಲಿ ಜೋಳ ಬೆಳೆದು, ಕೊಯ್ಲಾಗಿ, ರಾಶಿಯಾಗಿ, ಹಗೇವು ಸೇರಿದ ಮೇಲೆ ಆತನು ದಫ್ತರದ ಗಂಟು ಬಿಚ್ಚಿ, ಲೆಕ್ಕಣಿಕೆಯನ್ನು ಶಾಯಿಯಲ್ಲಿ ಅದ್ದಿ, ಮಳೆ ಬಿದ್ದದ್ದೂ ತೆನೆ ಹಿಡಿದದ್ದೂ ತನ್ನ ಬರವಣಿಗೆಯ ಬಲದಿಂದಲೇ ಎಂಬಂತೆ ಗಂಭೀರವಾಗಿ ಬರೆದಿಡುತ್ತಿದ್ದನು.

ಪೂರ್ವಪಕ್ಷವನ್ನು ಮೊದಲು ಮಂಡಿಸುವುದು ಶಾಸ್ತ್ರಮರ್ಯಾದೆಯಾದ್ದರಿಂದ ಸಂಕ್ಷೇಪವಾಗಿ ಹೇಳುತ್ತೇನೆ. ಮನಸ್ಸಿನ ನೆಲೆ ಯಾವುದೆಂಬ ವಿಷಯದಲ್ಲಿ ಪ್ರಾಚೀನರಲ್ಲಿಯೇ ಏಕಾಭಿಪ್ರಾಯವಿರಲಿಲ್ಲ. ಚರಕನು ಹೃದಯವೆಂದನು; ಭೇಲನು ಶಿರಸ್ಸೆಂದನು; ಗ್ರೀಸಿನ ಅರಿಸ್ಟಾಟಲನು ಹೃದಯದ ಪಕ್ಷವನ್ನೇ ಹಿಡಿದು, ಮಿದುಳಿನ ಕೆಲಸವೇನೆಂದು ಕೇಳಿದವರಿಗೆ, ಅದು ಹೃದಯದ ಉಷ್ಣವನ್ನು ತಣಿಸತಕ್ಕ ಅವಯವವೆಂದು ಉತ್ತರಿಸಿದನು. ಆ ಮಹಾಶಯನು ವೈಶಾಖಮಾಸದ ಮಧ್ಯಾಹ್ನ ಒಮ್ಮೆಯಾದರೂ ಕಲಬುರಗಿಯ ಸೂಪರ್ ಮಾರ್ಕೆಟ್ಟಿನಲ್ಲಿ ನಡೆದಾಡಿದ್ದರೆ ತಲೆಯು ತಣಿಸುವ ಸಾಧನವೆಂಬ ಮಾತನ್ನು ಆಡುತ್ತಿರಲಿಲ್ಲವೆಂದು ಯಾರಾದರೂ ಹೇಳಬಹುದು. ಆದರೆ ಮಿದುಳಿನ ಬುಡದಲ್ಲಿರುವ ಹೈಪೊಥಲಾಮಸ್ ಎಂಬ ಚಿಕ್ಕ ಭಾಗವೇ ಬೆವರನ್ನು ಹರಿಸಿ ದೇಹದ ಶಾಖವನ್ನು ಹತೋಟಿಯಲ್ಲಿಡುವುದರಿಂದ ಅರಿಸ್ಟಾಟಲನಿಗೆ ಅರ್ಧ ಅಂಕವನ್ನಾದರೂ ಕೊಡುವುದು ನ್ಯಾಯ. ಆಧುನಿಕರಂತೂ ಸಂಖ್ಯೆಗಳಿಂದಲೇ ನಮ್ಮನ್ನು ಮಣಿಸಲೆಳಸುತ್ತಾರೆ. ಸುಮಾರು 1,400 ಗ್ರಾಂ ತೂಗುವ, ದೇಹಭಾರದ ಶೇಕಡಾ 2ರಷ್ಟು ಮಾತ್ರವಿರುವ ಈ ಅವಯವವು ವಿಶ್ರಾಂತಿಯ ವೇಳೆಯಲ್ಲಿಯೂ ದೇಹದ ಶಕ್ತಿಯಲ್ಲಿ ಶೇಕಡಾ 20ನ್ನು ತಾನೇ ವ್ಯಯಮಾಡುತ್ತದೆ; ಇದರಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಕೇಳಿದೊಡನೆ ಭಯಭಕ್ತಿಗಳು ಹುಟ್ಟುವುದು ಸಹಜ. ಆದರೆ ಈ 8,600 ಕೋಟಿಯಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ಇರುವುದು ಆಲೋಚನೆಗೆ ಹೆಸರಾದ ಮಹಾಮಸ್ತಿಷ್ಕದಲ್ಲಲ್ಲ, ನಡೆಯುವಾಗ ಎಡವದಂತೆಯೂ ತುತ್ತು ಬಾಯಿಯ ದಾರಿ ತಪ್ಪದಂತೆಯೂ ನೋಡಿಕೊಳ್ಳುವ, ಹಿಂದಲೆಯ ಕೆಳಗೆ ಅವಿತಿರುವ ಅನುಮಸ್ತಿಷ್ಕದಲ್ಲಿ ಎಂಬುದನ್ನು ಪಟ್ಟಾಭಿಷೇಕದ ಗ್ರಂಥಕರ್ತರು ಮೆಲ್ಲಗೆ ದಾಟಿಸಿಬಿಡುತ್ತಾರೆ. ಆಹಾರದ ಐದನೆಯ ಒಂದು ಪಾಲನ್ನು ಕೂತಲ್ಲಿಯೇ ತಿನ್ನುವುದು ಅರಸನ ಲಕ್ಷಣವೋ ಪಟವಾರಿಯ ಲಕ್ಷಣವೋ ಎಂಬುದನ್ನು ಹಳ್ಳಿಯಲ್ಲಿ ಬೆಳೆದ ಓದುಗರೇ ನಿರ್ಣಯಿಸಬಹುದು.

ಇನ್ನು ಸಿದ್ಧಾಂತ. ಪ್ರಥಮ ಪ್ರಮಾಣವು ಐತಿಹಾಸಿಕವಾದುದು. 1853ರಲ್ಲಿ ಜರ್ಮನಿಯ ಎಡ್ವರ್ಡ್ ಫ್ಲ್ಯೂಗರ್ ಎಂಬ ಪಂಡಿತನು ತಲೆ ತೆಗೆದ ಕಪ್ಪೆಯ ಪಕ್ಕೆಗೆ ಆಮ್ಲದ ಹನಿಯನ್ನು ಸವರಿ ನೋಡಲಾಗಿ, ಆ ಕಪ್ಪೆಯು ಅದೇ ಪಕ್ಕದ ಕಾಲನ್ನು ಎತ್ತಿ ಹನಿಯನ್ನು ಒರಸಿಕೊಂಡಿತು. ಆ ಕಾಲನ್ನೂ ಕತ್ತರಿಸಲಾಗಿ, ಕೆಲಕಾಲ ತಡಕಾಡಿ, ಮತ್ತೊಂದು ಕಾಲಿನಿಂದ ಒರಸಿಕೊಂಡಿತು. ಬೆನ್ನುಹುರಿಗೂ ಆತ್ಮವುಂಟೆಂದು ಫ್ಲ್ಯೂಗರನು ಉದ್ಗರಿಸಿದನು. ಇಲ್ಲವೆಂದು ಅವನ ಪ್ರತಿಪಕ್ಷದವರು ಕಾದಾಡಿದರು. ಇಷ್ಟು ವ್ಯಾಜ್ಯಕ್ಕೆ ಕಾರಣವೇ ಇರಲಿಲ್ಲ. ಅವರು ಕಲಬುರಗಿಯ ಚರಿತ್ರೆಯನ್ನು ಓದಿದ್ದರೆ ಸಾಕಾಗಿತ್ತು. 1347ರಲ್ಲಿ ಅಲಾವುದ್ದೀನ್ ಹಸನ್ ಬಹಮನ್ ಶಾಹನು ಈ ನಗರವನ್ನು ರಾಜಧಾನಿಯನ್ನಾಗಿ ಮಾಡಿದನು; 1420ರ ದಶಕದಲ್ಲಿ ಅಹಮದ್ ಶಾಹನು ಸಿಂಹಾಸನ, ಮಂತ್ರಿಮಂಡಲ, ಖಜಾನೆಗಳೊಡನೆ ಬೀದರಿಗೆ ಹೊರಟುಹೋದನು. ರಾಜಧಾನಿಯೇ ತಲೆಯೆಂಬ ವಾದವು ದಿಟವಾಗಿದ್ದರೆ ಕಲಬುರಗಿಯು ಆ ದಿನವೇ ನಿಶ್ಚೇಷ್ಟಿತವಾಗಬೇಕಾಗಿತ್ತು. ಆದುದು ಬೇರೆ. ಅರಸರು ಹೋದ ಆರುನೂರು ವರ್ಷಗಳ ಮೇಲೂ ಖಾಜಾ ಬಂದೇನವಾಜರ ಉರುಸಿಗೂ ಶರಣಬಸವೇಶ್ವರರ ಜಾತ್ರೆಗೂ ಜನ ಕಿಕ್ಕಿರಿಯುತ್ತಲೇ ಇದ್ದಾರೆ. ತೊಗರಿ ಬೆಳೆಯುತ್ತಲೇ ಇದೆ, ಅದಕ್ಕೆ 2019ರಲ್ಲಿ ಭೌಗೋಳಿಕ ಸೂಚಕದ ಮುದ್ರೆಯೂ ಬಿದ್ದಿದೆ. ಎಲ್ಲಿ ತುರಿಸುತ್ತದೆಯೋ ಅಲ್ಲಿ ಒರಸಿಕೊಳ್ಳುವ ಶಕ್ತಿಯನ್ನು ನಗರವು ಎಂದೂ ಕಳೆದುಕೊಳ್ಳಲಿಲ್ಲ.

ದ್ವಿತೀಯ ಪ್ರಮಾಣವು ಅಡುಗೆಮನೆಯದು. ಕಾದ ಹಂಚಿನ ಅಂಚು ಬೆರಳಿಗೆ ತಾಗಿತೆನ್ನಿ. ಸುದ್ದಿಯು ಸಂವೇದನಾ ನರದ ಮೂಲಕ ಬೆನ್ನುಹುರಿಯನ್ನು ಸೇರುತ್ತದೆ; ಅಲ್ಲಿಯೇ ಒಂದೆರಡು ನರಕೋಶಗಳ ನಡುವೆ ಮಾತುಕತೆ ಮುಗಿದು, ಚಾಲಕ ನರದ ಮೂಲಕ ಅಪ್ಪಣೆ ಹೊರಟು, ಕೈಯು ಹಿಂದಕ್ಕೆ ಬಂದುಬಿಡುತ್ತದೆ. ಮಿದುಳಿಗೆ ಸುದ್ದಿ ಮುಟ್ಟುವುದು ಆಮೇಲೆ. ಆಗ ಅದು ಮಾಡುವ ಏಕಮಾತ್ರ ಕಾರ್ಯವೆಂದರೆ "ಎವ್ವಾ!" ಎಂದು ಕೂಗಿ, ಘಟನೆಯನ್ನು ದಾಖಲೆಗೆ ಸೇರಿಸಿಕೊಳ್ಳುವುದು. ಇಲ್ಲಿ ಪ್ರತಿವಾದಿಗಳು ಎದ್ದುನಿಂತು, ಜೋಳದ ರೊಟ್ಟಿಯನ್ನು ಬರಿಗೈಯಿಂದಲೇ ಹಂಚಿನ ಮೇಲೆ ಮಗುಚಿಹಾಕುವ ನಮ್ಮ ತಾಯಂದಿರ ಕೈ ಹಿಂದೆ ಸರಿಯದಿರುವುದೇಕೆ, ಅದನ್ನು ಹಿಡಿದು ನಿಲ್ಲಿಸಿದ್ದು ಮಿದುಳೇ ಅಲ್ಲವೇ ಎಂದು ಕೇಳುತ್ತಾರೆ. ಪ್ರಶ್ನೆ ಬಲವಾದುದು. ಮೇಲಿನಿಂದ ಇಳಿಯುವ ನರತಂತುಗಳು ಬೆನ್ನುಹುರಿಯ ಪರಾವರ್ತಿತ ಪ್ರತಿಕ್ರಿಯೆಯನ್ನು ತಡೆಯಬಲ್ಲವೆಂಬುದು ಸಿದ್ಧವಾದ ಸಂಗತಿಯೇ. ಆದರೆ ಆಗಿಹೋಗಬೇಕಾದ ಕೆಲಸವನ್ನು ತಡೆಹಿಡಿಯುವ ಅಧಿಕಾರವು ಪಟವಾರಿಗೂ ಇತ್ತು. ಆ ಒಂದು ಅಧಿಕಾರದಿಂದಲೇ ಅವನ ಸಂಸಾರ ನಡೆಯುತ್ತಿತ್ತು.

ವೇಗದ ವಿಚಾರವನ್ನೂ ಬಿಡುವಂತಿಲ್ಲ. ನರದಲ್ಲಿ ಸುದ್ದಿ ಚಲಿಸುವ ವೇಗವನ್ನು ಅಳೆಯುವುದು ಮನುಷ್ಯಮಾತ್ರರಿಗೆ ಅಸಾಧ್ಯವೆಂದು ಯೋಹಾನ್ನೆಸ್ ಮ್ಯೂಲರನು ಭಾವಿಸಿದ್ದನು. ಅವನ ಶಿಷ್ಯನೇ ಆದ ಹೆಲ್ಮ್‌ಹೋಲ್ಟ್ಸನು 1850ರಲ್ಲಿ ಕಪ್ಪೆಯ ನರವೊಂದನ್ನು ತೆಗೆದುಕೊಂಡು, ಸೆಕೆಂಡಿಗೆ ಸುಮಾರು 27 ಮೀಟರ್ ಎಂದು ಅಳೆದು ತೋರಿಸಿದನು. ಗುರುವಿಗೆ ತಿರುಮಂತ್ರ ಹಾಕುವ ಪರಂಪರೆ ಜರ್ಮನಿಯಲ್ಲಿಯೂ ಇದ್ದುದಕ್ಕೆ ಇದು ನಿದರ್ಶನ. ಈ ಲೆಕ್ಕದ ಪ್ರಕಾರ ಕಲಬುರಗಿಯಲ್ಲಿ ಹೊರಟ ಕಪ್ಪೆಯ ಸುದ್ದಿಯು ಕಮಲಾಪುರವನ್ನು 22 ನಿಮಿಷದೊಳಗೆ ಸೇರಬೇಕು. ಮನುಷ್ಯನಲ್ಲಿ ಮೈಲಿನ್ ಎಂಬ ಕೊಬ್ಬಿನ ಹೊದಿಕೆಯನ್ನು ಹೊದ್ದ ದಪ್ಪ ತಂತುಗಳಲ್ಲಿ ವೇಗವು ಸೆಕೆಂಡಿಗೆ 120 ಮೀಟರಿನವರೆಗೂ ಏರುತ್ತದೆ. ಐದು ನಿಮಿಷ ಸಾಕು. ಹೊದಿಕೆಯಿಲ್ಲದ ಸಣ್ಣ ತಂತುಗಳಲ್ಲಿಯಾದರೋ ಸೆಕೆಂಡಿಗೆ ಒಂದು ಮೀಟರಿನ ಆಸುಪಾಸು. ಮುಂಜಾನೆ ಎಂಟಕ್ಕೆ ಹೊರಟ ನೋವು ಕಮಲಾಪುರವನ್ನು ಮುಟ್ಟುವುದು ಸಂಜೆ ದೀಪ ಹಚ್ಚುವ ಹೊತ್ತಿಗೆ. ಗಂಟೆಯೊಂದರಲ್ಲಿ ಅದೇ ದೂರವನ್ನು ಕ್ರಮಿಸುವ ಬಸ್ಸನ್ನು ಈ ವರ್ಗೀಕರಣದಲ್ಲಿ ಎಲ್ಲಿ ಕೂಡಿಸಬೇಕೆಂದು ಗಣಿಸಿದರೆ, ಸೆಕೆಂಡಿಗೆ ಹತ್ತು ಮೀಟರಿಗೆ ತುಸು ಕಡಮೆ ಎಂದು ತಿಳಿಯಬರುತ್ತದೆ. ಇದು ಶರೀರದಲ್ಲಿ ಚುಚ್ಚುನೋವನ್ನೂ ಚಳಿಯನ್ನೂ ಹೊತ್ತು ಸಾಗಿಸುವ ಎ–ಡೆಲ್ಟಾ ತಂತುಗಳ ವೇಗ. ಚಳಿಯ ಮಾತನ್ನು ಬಿಟ್ಟರೆ, ಹಿಂದಿನ ಸೀಟಿನಲ್ಲಿ ಕುಳಿತು ಹೋದವರು ಈ ವರ್ಗೀಕರಣವನ್ನು ಆಕ್ಷೇಪಿಸಲಾರರು.

ಮಿರ್ಚಿ ಭಜಿಯ ಪ್ರಮಾಣವು ಇದಕ್ಕಿಂತಲೂ ಸೂಕ್ಷ್ಮವಾದುದು. 1997ರಲ್ಲಿ ಅಮೆರಿಕದ ಡೇವಿಡ್ ಜೂಲಿಯಸ್ ಮತ್ತು ಸಂಗಡಿಗರು, ಮೆಣಸಿನಕಾಯಿಯ ಖಾರವನ್ನು ಗ್ರಹಿಸತಕ್ಕ ಗ್ರಾಹಕವೊಂದನ್ನು ನರತಂತುಗಳ ತುದಿಯಲ್ಲಿ ಕಂಡುಹಿಡಿದರು. 2021ರ ನೊಬೆಲ್ ಪಾರಿತೋಷಕದಲ್ಲಿ ಜೂಲಿಯಸ್ಸನಿಗೆ ಪಾಲು ದೊರೆಯಿತು. ಟಿಆರ್‌ಪಿವಿ1 ಎಂಬ ನೀರಸವಾದ ಹೆಸರಿನ ಆ ಗ್ರಾಹಕವು ಖಾರಕ್ಕೆ ಹೇಗೋ ಹಾಗೆಯೇ 43 ಡಿಗ್ರಿ ಸೆಲ್ಸಿಯಸ್ಸಿಗೆ ಮೇಲ್ಪಟ್ಟ ಶಾಖಕ್ಕೂ ತೆರೆದುಕೊಳ್ಳುತ್ತದೆ. ಖಾರವೋ ಕೆಂಡವೋ ಎಂಬುದನ್ನು ನರವು ಬೇರ್ಪಡಿಸಲಾರದು. "ಉರಿ" ಎಂದಷ್ಟೇ ವರದಿ ಕಳುಹಿಸುತ್ತದೆ. ಮೇ ತಿಂಗಳ ಕಲಬುರಗಿಯಲ್ಲಿ ಬಿಸಿಲು ಈ 43ರ ಗೆರೆಯನ್ನು ಮುಟ್ಟುವುದು ಅಪೂರ್ವವೇನಲ್ಲ. ಅಂತಹ ದಿನ, ಕುದಿಯುವ ಎಣ್ಣೆಯ ಬಾಂಡ್ಲೆಯ ಎದುರು ನಿಂತು, ಸುಸಲಾದೊಡನೆ ಮಿರ್ಚಿ ತಿನ್ನುವ ನಾಗರಿಕನ ತಲೆಯೊಳಗೆ ಎರಡು ಉರಿಗಳು ಒಂದೇ ಅರ್ಜಿಯ ನಮೂನೆಯಲ್ಲಿ ಬಂದು ಬೀಳುತ್ತವೆ. ಇಷ್ಟು ತೀವ್ರವಾದ ವರದಿಯನ್ನು ಪಡೆದ ಅರಸನು ಮಿರ್ಚಿಯನ್ನು ಕೆಳಗಿಡುವಂತೆ ಆಜ್ಞಾಪಿಸುತ್ತಿದ್ದನು. ಮಿದುಳು ಮಾಡುವುದೇನು? "ಬ್ಯಾಸಗ್ಯಾಗ ಖಾರ ತಿಂದ್ರ ಬೆವರ ಬಂದು ಮೈ ತಂಪ ಆಗ್ತದ್ರೀ" ಎಂದು ಕಾರಣವನ್ನು ಬರೆದುಕೊಂಡು ಇನ್ನೊಂದು ಪ್ಲೇಟಿಗೆ ಕೈಯೊಡ್ಡಿಸುತ್ತದೆ. ಕಾರಣವು ಸುಳ್ಳಲ್ಲ ಎಂಬುದೇ ಇಲ್ಲಿಯ ಸ್ವಾರಸ್ಯ. ಖಾರಕ್ಕೆ ಬೆವರುವುದೂ ಬೆವರು ಆರಿದರೆ ತಂಪಾಗುವುದೂ ನಿಜವೇ. ಪಟವಾರಿಯ ದಾಖಲೆಯಲ್ಲಿ ಅಂಕಿಗಳು ಸಾಮಾನ್ಯವಾಗಿ ತಪ್ಪಿರುತ್ತಿರಲಿಲ್ಲ, ತಾರೀಖು ಮಾತ್ರ ಹಿಂದಿನದಾಗಿರುತ್ತಿತ್ತು.

ಈಗ ಪರಮಪ್ರಮಾಣವಾದ ಕಮಲಾಪುರದ ಕೆಂಪು ಬಾಳೆಗೆ ಬರೋಣ. ಅದಕ್ಕೆ ಮುನ್ನ ಒಂದು ವಿದೇಶೀ ದೃಷ್ಟಾಂತವನ್ನು ಹೇಳಲೇಬೇಕು. ಉಲ್ಬಣಗೊಂಡ ಮೂರ್ಛೆರೋಗದ ಚಿಕಿತ್ಸೆಗಾಗಿ, ಮಿದುಳಿನ ಎರಡು ಅರೆಗೋಳಗಳನ್ನು ಬೆಸೆಯುವ ಕಾರ್ಪಸ್ ಕ್ಯಾಲೋಸಮ್ ಎಂಬ ತಂತುಸೇತುವನ್ನು ಕತ್ತರಿಸಿಸಿಕೊಂಡ ಕೆಲವರನ್ನು ರೋಜರ್ ಸ್ಪೆರಿಯೂ ಅವನ ಶಿಷ್ಯ ಮೈಕೆಲ್ ಗಜಾನಿಗನೂ ಪರೀಕ್ಷಿಸಿದರು. ಸ್ಪೆರಿಗೆ 1981ರಲ್ಲಿ ನೊಬೆಲ್ ಸಂದಿತು. ಗಜಾನಿಗನು ಅಂತಹ ಒಬ್ಬನ ಎಡಗೋಳಕ್ಕೆ ಕೋಳಿಯ ಪಾದದ ಚಿತ್ರವನ್ನೂ ಬಲಗೋಳಕ್ಕೆ ಹಿಮ ಬಿದ್ದ ಮನೆಯ ಚಿತ್ರವನ್ನೂ ತೋರಿಸಿ, ಹೊಂದುವ ಚಿತ್ರವನ್ನು ಆರಿಸಲು ಹೇಳಲಾಗಿ, ಬಲಗೈ ಕೋಳಿಯನ್ನು ಆರಿಸಿತು, ಎಡಗೈ ಹಿಮ ಬಾಚುವ ಸಲಿಕೆಯನ್ನು ಆರಿಸಿತು. ಸಲಿಕೆ ಏಕೆಂದು ಕೇಳಿದರು. ಮಾತಾಡಬಲ್ಲ ಎಡಗೋಳವು ಹಿಮವನ್ನು ಕಂಡೇ ಇರಲಿಲ್ಲ. ಆದರೂ ಅದು ಕ್ಷಣಮಾತ್ರವೂ ತಡವರಿಸದೆ, ಕೋಳಿಗೂಡನ್ನು ಸ್ವಚ್ಛಮಾಡಲು ಸಲಿಕೆ ಬೇಕಷ್ಟೆ ಎಂದು ಉತ್ತರ ಕೊಟ್ಟಿತು. ಇಂತಹ ಪ್ರತ್ಯುತ್ಪನ್ನಮತಿಯು ಯಾವ ಕಚೇರಿಯಲ್ಲಿ ಪಳಗಿದ್ದೆಂದು ಕಲಬುರಗಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಕಮಲಾಪುರದ ರಸ್ತೆಬದಿಯಲ್ಲಿ ಕೆಂಪು ಬಾಳೆಯ ಗೊನೆಗಳು ತೂಗಿರುವ ಅಂಗಡಿಯೊಂದರ ಮುಂದೆ ಕಲಬುರಗಿಯ ಗೃಹಸ್ಥರೊಬ್ಬರು ನಿಂತರೆನ್ನಿ. ಭೌಗೋಳಿಕ ಸೂಚಕದ ಮನ್ನಣೆ ಪಡೆದ, ಮಾಮೂಲು ಬಾಳೆಗಿಂತ ತುಟ್ಟಿಯಾದ ಈ ಹಣ್ಣನ್ನು ಅವರು ಕೊಳ್ಳಬೇಕೆಂದು ಬಂದವರಲ್ಲ. ಬೀಗರ ಮನೆಯ ಕಾರ್ಯ ಮುಗಿಸಿ ಬಸ್ಸಿಗಾಗಿ ಕಾಯುತ್ತಿರುವವರು. ಆದರೆ ಚಿಪ್ಪೊಂದು ಆಗಲೇ ಅವರ ಕೈಯಲ್ಲಿದೆ. ಹುಬ್ಬು ಗಂಟಿಕ್ಕಿ ಅವರು ಯೋಚನಾಮಗ್ನರಾಗಿರುವುದನ್ನು ಕಂಡು ಹಣ್ಣು ಮಾರುವ ತಾಯಿ ಹೇಳುತ್ತಾಳೆ: "ಸಾಹೇಬ್ರ, ಹಣ್ಣ ಕೈಯಾಗ ಹಿಡ್ಕೊಂಡು ಏನ್ ವಿಚಾರ ಮಾಡ್ಲಾಕತ್ತೀರಿ? ರೊಕ್ಕಾ ಕೊಟ್ಟು ಬಸ್ಸಿನ್ಯಾಗ ಕುಂತು ಮಾಡ್ರಿ." ಆಕೆಯ ಈ ಒಂದು ವಾಕ್ಯದಲ್ಲಿ ಫ್ಲ್ಯೂಗರ್, ಗಜಾನಿಗ ಮೊದಲಾದವರ ಶ್ರಮವೆಲ್ಲ ಅಡಗಿದೆ. ಗೃಹಸ್ಥರು ಬಸ್ಸಿನಲ್ಲಿ ಕುಳಿತು ಹಾಗೆಯೇ ಮಾಡುತ್ತಾರೆ; ಊರು ತಲಪುವಷ್ಟರಲ್ಲಿ ಕಾರಣವು ಪಕ್ವವಾಗಿರುತ್ತದೆ. "ಇಷ್ಟ್ಯಾಕ ತಂದೀರಿ?" ಎಂದು ಮನೆಯಾಕೆ ಕೇಳಲಾಗಿ, "ನರಕ್ಕ ಛಲೋ ಅಂತ" ಎಂದು ನುಡಿಯುತ್ತಾರೆ. "ನಿಮ್ಮ ನರಾ ಛಲೋನೇ ಅದಾವ್ರಿ, ಪಾಕೀಟಿಗೇ ಶಕ್ತಿ ಸಾಲವಲ್ದು" ಎಂಬ ಉತ್ತರ ಬರುತ್ತದೆ.

ಈ "ನರಕ್ಕ ಛಲೋ" ಎಂಬ ದಾಖಲೆಯನ್ನೂ ಪರಿಶೀಲಿಸುವುದು ನಮ್ಮ ಕರ್ತವ್ಯ. ಬಾಳೆಹಣ್ಣಿನಲ್ಲಿ ಸೆರೊಟೋನಿನ್, ಡೋಪಮೈನ್ ಎಂಬ ನರವಾಹಕ ದ್ರವ್ಯಗಳು ಇರುವುದೇನೋ ನಿಜ. ಆದರೆ ರಕ್ತಕ್ಕೂ ಮಿದುಳಿಗೂ ನಡುವೆ ಇರುವ ಬಿಗಿಯಾದ ತಡೆಯನ್ನು ಅವು ದಾಟಲಾರವಾದ್ದರಿಂದ ಹೊಟ್ಟೆಯಿಂದ ನೇರವಾಗಿ ತಲೆಗೇರುವ ಭಾಗ್ಯ ಅವಕ್ಕಿಲ್ಲ. ಬಾಳೆಯಲ್ಲಿರುವ ಬಿ6 ಜೀವಸತ್ವವು ಮಾತ್ರ ಒಳಹೊಕ್ಕು, ಅದೇ ಸೆರೊಟೋನಿನ್ನನ್ನೂ ಡೋಪಮೈನನ್ನೂ ಮಿದುಳು ತನ್ನಲ್ಲಿಯೇ ತಯಾರಿಸಿಕೊಳ್ಳಲು ನೆರವಾಗುತ್ತದೆ. ಹೀಗೆ ಗೃಹಸ್ಥರ ಹೇಳಿಕೆಯು ಫಲಿತಾಂಶದಲ್ಲಿ ಸಾಧುವೂ ಹುಟ್ಟಿನಲ್ಲಿ ಕಪಟವೂ ಆಗಿದೆ. ಚಿಪ್ಪನ್ನು ಎತ್ತಿಕೊಂಡ ಕ್ಷಣದಲ್ಲಿ ಅವರಿಗೆ ಬಿ6ರ ಸ್ಮರಣೆಯಿರಲಿಲ್ಲ. ಅದರ ಕೆಂಪು ಬಣ್ಣ ಮಾತ್ರ ಕಂಡಿತ್ತು.

ಬೆಂಜಮಿನ್ ಲಿಬೆಟ್ ಎಂಬವನು 1983ರಲ್ಲಿ, ಬೆರಳನ್ನಾಡಿಸಬೇಕೆಂಬ ಇಚ್ಛೆ ಮನಸ್ಸಿಗೆ ತಿಳಿಯುವುದಕ್ಕೆ ಸುಮಾರು ಮೂರನೆಯ ಒಂದು ಸೆಕೆಂಡಿನಷ್ಟು ಮೊದಲೇ ಮಿದುಳಿನಲ್ಲಿ ಸಿದ್ಧತೆ ಆರಂಭವಾಗಿರುತ್ತದೆಯೆಂದು ವರದಿಮಾಡಿದನು. ಆ ಅಳತೆಯ ಅರ್ಥವೇನೆಂಬುದರಲ್ಲಿ ವಿದ್ವಾಂಸರ ಜಗಳ ಇನ್ನೂ ಮುಗಿದಿಲ್ಲ. ಸಿದ್ಧತೆ ನಡೆದದ್ದೂ ಮಿದುಳಿನಲ್ಲಿಯೇ ಆದ್ದರಿಂದ ಪಟ್ಟಾಭಿಷೇಕದ ಪಕ್ಷವೇ ಗೆದ್ದಿತೆಂದು ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ಚಹಾದಂಗಡಿಯಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದುಂಟು. ಕಚೇರಿ ಒಂದೇ ಆದರೂ ಕೆಲಸ ಮಾಡುವವನು ಒಬ್ಬ, ರುಜು ಹಾಕುವವನು ಮತ್ತೊಬ್ಬ ಎಂಬ ಸಮಾಧಾನವನ್ನು ಅವರು ಒಪ್ಪಲಿಲ್ಲ. ಸರಕಾರಿ ಸೇವೆಯಲ್ಲಿ ಬಹುಕಾಲ ಕಳೆದವರು ಒಪ್ಪದಿದ್ದುದು ಆಶ್ಚರ್ಯಕರ.

ಈ ಸಿದ್ಧಾಂತದಲ್ಲಿ ಇನ್ನೂ ಸಂಶಯವುಳ್ಳ ಮಹನೀಯರು ದಯಮಾಡಿ ಕಮಲಾಪುರಕ್ಕೆ ಬರಬೇಕು. ಬರುವ ಮೊದಲು, ತಾವು ಬಾಳೆಹಣ್ಣನ್ನು ಕೊಳ್ಳುವಿರೋ ಇಲ್ಲವೋ, ಕೊಂಡರೆ ಯಾವ ಕಾರಣಕ್ಕಾಗಿ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು, ರುಜು ಮಾಡಿ, ಮನೆಯಾಕೆಯ ಕೈಯಲ್ಲಿ ಕೊಟ್ಟು ಬರಬೇಕು. ಹಿಂದಿರುಗಿದ ಮೇಲೆ ಆ ಚೀಟಿಯನ್ನು ಮನೆಯಾಕೆಯೇ ಓದಲಿ.